ಬಿಪಿ ಮಾತ್ರೆಯಿಂದ ಕೊಲೆಸ್ಟ್ರಾಲ್ ಏರುತ್ತದಾ? ಮಂಡ್ಯದ ಓದುಗರಿಗೆ ಒಂದು ಉದ್ದನೆಯ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 54 ವರ್ಷ, ಮಂಡ್ಯ ತಾಲ್ಲೂಕಿನ ಹಳ್ಳಿಯವನು. ಕಬ್ಬು ಬೆಳೆಯುತ್ತೇನೆ, ಸ್ವಂತ ಆಲೆಮನೆಯೂ ಇದೆ. ಎರಡು ವರ್ಷದ ಹಿಂದೆ ತಲೆ ಸುತ್ತು ಬಂತೆಂದು ತೋರಿಸಿದಾಗ ಬಿಪಿ 168/102 ಇತ್ತು. ಅವತ್ತಿನಿಂದ ಬೆಳಿಗ್ಗೆ ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಎರಡೂ ಸೇರಿರುವ ಒಂದು ಮಾತ್ರೆ, ರಾತ್ರಿ ಮೆಟೊಪ್ರೊಲಾಲ್ 50. ಬಿಪಿ ಈಗ 134/84. ಆದರೆ ಕೊಲೆಸ್ಟ್ರಾಲ್ ಏರಿಬಿಟ್ಟಿದೆ. ಮೊದಲು ಒಟ್ಟು 186 ಇತ್ತು, ಈಗ 214. ಟ್ರೈಗ್ಲಿಸರೈಡ್ 148 ಇದ್ದದ್ದು 212. ಎಚ್‌ಡಿಎಲ್ 41ರಿಂದ 36ಕ್ಕೆ ಇಳಿದಿದೆ. ತೂಕ 71 ಇದ್ದದ್ದು 77 ಕೆಜಿ. ಸಿಗರೇಟು ಇಲ್ಲ, ವಾರಕ್ಕೊಮ್ಮೆ ಸ್ನೇಹಿತರ ಜೊತೆ ಡ್ರಿಂಕ್ಸ್ ಇದೆ. ಸೊಂಟನೋವಿಗೆ ಆಗಾಗ ಮೆಡಿಕಲ್‌ನಿಂದ ಮಾತ್ರೆ ತರುತ್ತೇನೆ. ಆ ಮೆಡಿಕಲ್ ಹುಡುಗನೇ ಹೇಳಿದ್ದು, ಬಿಪಿ ಮಾತ್ರೆಯಿಂದ ಕೊಲೆಸ್ಟ್ರಾಲ್ ಏರುತ್ತದೆ ಅಂತ. ಈಗ ನಮ್ಮ ಡಾಕ್ಟರು ಅಟೊರ್ವಾಸ್ಟಾಟಿನ್ 10 ಬೇರೆ ಬರೆದಿದ್ದಾರೆ. ಒಂದು ಮಾತ್ರೆ ಕೆಡಿಸಿದ್ದನ್ನು ಸರಿಮಾಡಲು ಇನ್ನೊಂದು ಮಾತ್ರೆ, ಇದ್ಯಾವ ನ್ಯಾಯ? ಬಿಪಿ ಮಾತ್ರೆ ನಿಲ್ಲಿಸಿಬಿಡಲಾ? ಹಾಗೇ ಇನ್ನೊಂದು, ಹಿತ್ತಲಲ್ಲಿ ಚಕ್ಕೋತದ ಮರ ಇದೆ. ಮಾತ್ರೆ ತಗೊಳ್ಳುವವರು ಅದನ್ನು ತಿನ್ನಬಾರದು ಅನ್ನುತ್ತಾರೆ, ನಿಜವಾ?

ಉತ್ತರ: ನಿಲ್ಲಿಸಬೇಡಿ. ಮಿಕ್ಕದ್ದನ್ನು ನಿಧಾನಕ್ಕೆ ಮಾತಾಡೋಣ. ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಒಂದೇ ದಿನ ಫಟ್ಟಂತ ಬಿಟ್ಟರೆ ಎದೆಬಡಿತ ಜೋರಾಗಬಹುದು, ಬಿಪಿ ಮೊದಲಿಗಿಂತ ಮೇಲೆ ಹೋಗಬಹುದು. ಹೃದಯದ ರಕ್ತನಾಳದಲ್ಲಿ ಗೊತ್ತಿಲ್ಲದಂತೆ ಬ್ಲಾಕ್ ಇದ್ದವರಿಗೆ ಹಾರ್ಟ್ ಅಟ್ಯಾಕ್ ಕೂಡ ಆಗಿದ್ದುಂಟು. ಇದು ಸುಮ್ನೆ ಹೆದರಿಸುವ ಮಾತಲ್ಲ. ಆ ಮಾತ್ರೆಯ ಜೊತೆ ಬರುವ ಕಾಗದದಲ್ಲೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ.

ಇನ್ನು ಮೆಡಿಕಲ್ ಹುಡುಗ ಹೇಳಿದ್ದು. ಅವನು ಪೂರ್ತಿ ಸುಳ್ಳು ಹೇಳಿಲ್ಲ. ಕೆಲವು ಬಿಪಿ ಮಾತ್ರೆಗಳು ರಕ್ತದ ಕೊಬ್ಬನ್ನು ಸ್ವಲ್ಪ ಏರುಪೇರು ಮಾಡುತ್ತವೆ, ಮತ್ತು ನೀವು ತಗೊಳ್ಳುತ್ತಿರುವ ಮೂರು ಔಷಧಿಗಳಲ್ಲಿ ಎರಡು ಆ ಜಾತಿಗೇ ಸೇರಿದವು. ಆದರೆ ಯಾವ ಮಾತ್ರೆ, ಯಾವ ಕೊಬ್ಬನ್ನು, ಎಷ್ಟು ಅನ್ನುವುದನ್ನು ಬಿಟ್ಟು ಮಾತಾಡಿದರೆ ನಿಮ್ಮಂಥವರು ಗಾಬರಿಯಾಗುತ್ತೀರಿ, ಅಷ್ಟೇ ಲಾಭ.

ನಿಮ್ಮ ರಿಪೋರ್ಟನ್ನೇ ಮೊದಲು ನೋಡೋಣ. ನೀವು ಬರೆದಿರುವುದು ಒಟ್ಟು ಕೊಲೆಸ್ಟ್ರಾಲ್, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್. ಮುಖ್ಯವಾದ, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ಲನ್ನೇ ಬಿಟ್ಟಿದ್ದೀರಿ. ಪರವಾಗಿಲ್ಲ, ಲೆಕ್ಕ ಹಾಕಬಹುದು. ನಮ್ಮ ಕಡೆಯ ಬಹಳಷ್ಟು ಲ್ಯಾಬುಗಳು ಮಾಡುವುದೂ ಇದನ್ನೇ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ, ನಿಮ್ಮದು ಅಲ್ಲಿಗೆ ಹೋಗಿಲ್ಲ. ಎರಡು ವರ್ಷದ ಹಿಂದೆ ನಿಮ್ಮ ಎಲ್‌ಡಿಎಲ್ ಸುಮಾರು 115 ಇತ್ತು, ಈಗ ಸುಮಾರು 136.

ಅಂದರೆ ನಿಮ್ಮಲ್ಲಿ ಮೂರು ಬೇರೆ ಬೇರೆ ಸಂಗತಿ ಆಗಿವೆ. ಟ್ರೈಗ್ಲಿಸರೈಡ್ ಏರಿದೆ, ಎಚ್‌ಡಿಎಲ್ ಇಳಿದಿದೆ, ಎಲ್‌ಡಿಎಲ್ ಏರಿದೆ. ಮೂರಕ್ಕೂ ಒಂದೇ ಕಾರಣ ಅಂತ ತಿಳಿದರೆ ತಪ್ಪುತ್ತೇವೆ.

ಮೊದಲು ಮೆಟೊಪ್ರೊಲಾಲ್. ಇದು ಬೀಟಾ ಬ್ಲಾಕರ್ ಅನ್ನುವ ಗುಂಪಿನದು. ಅಟೆನೊಲಾಲ್, ಪ್ರೊಪ್ರಾನೊಲಾಲ್ ಇದರ ಅಣ್ಣತಮ್ಮಂದಿರು. ಊಟ ಆದಮೇಲೆ ರಕ್ತದಲ್ಲಿ ಓಡಾಡುವ ಟ್ರೈಗ್ಲಿಸರೈಡನ್ನು ಒಡೆದು ಖಾಲಿ ಮಾಡಲು ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಒಂದು ಕಿಣ್ವ ಇರುತ್ತದೆ, ಅದರ ಹೆಸರು ಲಿಪೊಪ್ರೋಟೀನ್ ಲೈಪೇಸ್. ಈ ಗುಂಪಿನ ಮಾತ್ರೆಗಳು ಅದರ ಕೆಲಸವನ್ನು ನಿಧಾನ ಮಾಡುತ್ತವೆ. ಹಾಗಾಗಿ ಟ್ರೈಗ್ಲಿಸರೈಡ್ ರಕ್ತದಲ್ಲೇ ಉಳಿಯುತ್ತದೆ, ಅದರ ಬೆನ್ನಿಗೇ ಎಚ್‌ಡಿಎಲ್ ಇಳಿಯುತ್ತದೆ. ಹಳೆಯ ಪ್ರೊಪ್ರಾನೊಲಾಲಿನಲ್ಲಿ ಇದು ಜಾಸ್ತಿ. ಮೆಟೊಪ್ರೊಲಾಲ್, ಅಟೆನೊಲಾಲಿನಲ್ಲಿ ಕಡಿಮೆ, ಆದರೆ ಇದೆ. ಎಲ್‌ಡಿಎಲ್ಲನ್ನು ಮಾತ್ರ ಇವು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ.

ಈಗ ನಿಮ್ಮ ಅಂಕಿ ನೋಡಿ. ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ. ಈ ಜೋಡಿ ಮೆಟೊಪ್ರೊಲಾಲಿನ ನಡವಳಿಕೆಗೆ ಹೊಂದುತ್ತದೆ. ಆದರೆ 148ರಿಂದ 212 ಅಂದರೆ ಶೇಕಡಾ 40ಕ್ಕಿಂತ ಜಾಸ್ತಿ ಏರಿಕೆ, 50 ಮಿಲಿಗ್ರಾಮಿನ ಮೆಟೊಪ್ರೊಲಾಲ್ ಒಂದರ ಮೇಲೆ ಅಷ್ಟನ್ನೂ ಹೊರಿಸಲು ನನಗೆ ಮನಸ್ಸಿಲ್ಲ. ಎಲ್‌ಡಿಎಲ್ 20 ಪಾಯಿಂಟ್ ಏರಿದ್ದಕ್ಕಂತೂ ಅದು ಕಾರಣವೇ ಅಲ್ಲ.

ಎರಡನೆಯದು ಹೈಡ್ರೋಕ್ಲೋರೋಥಯಾಜೈಡ್, ನಮ್ಮ ಜನ ನೀರು ಹೋಗೋ ಮಾತ್ರೆ ಅನ್ನುತ್ತಾರಲ್ಲ, ಅದು. ಈ ಗುಂಪಿನ ಮೊದಲ ಮಾತ್ರೆ ಕ್ಲೋರೋಥಯಾಜೈಡ್ 1958ರಲ್ಲಿ ಬಂತು. ಆಮೇಲೆ ಹಲವು ವರ್ಷ ಇವನ್ನು 50, 100 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಿದ್ದರು. ಆ ಡೋಸಿನಲ್ಲಿ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಎರಡೂ ಏರುತ್ತಿದ್ದವು, ಪೊಟ್ಯಾಸಿಯಂ ಇಳಿಯುತ್ತಿತ್ತು, ಸಕ್ಕರೆ ಮತ್ತು ಯೂರಿಕ್ ಆಸಿಡ್ ಏರುತ್ತಿದ್ದವು. ಬಿಪಿ ಮಾತ್ರೆ ಕೊಲೆಸ್ಟ್ರಾಲ್ ಏರಿಸುತ್ತದೆ ಅನ್ನುವ ಮಾತಿಗೆ ಬಹುಪಾಲು ಆ ಕಾಲವೇ ಮೂಲ. ಈಗ ನೀವು ತಗೊಳ್ಳುತ್ತಿರುವುದು 12.5. ಈ ಡೋಸಿನಲ್ಲಿ ಕೊಬ್ಬಿನ ಮೇಲೆ ಆಗುವ ಪರಿಣಾಮ ತೀರಾ ಚಿಕ್ಕದು, ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಆಲ್‌ಹ್ಯಾಟ್ ಅನ್ನುವ ದೊಡ್ಡ ಅಧ್ಯಯನ. 2002ರಲ್ಲಿ ಪ್ರಕಟವಾಯಿತು, ಬಹುತೇಕ ಅಮೆರಿಕದಲ್ಲಿ ನಡೆದದ್ದು. 33,357 ಬಿಪಿ ರೋಗಿಗಳನ್ನು ಮೂರು ಗುಂಪು ಮಾಡಿ ಕ್ಲೋರ್ಥಾಲಿಡೋನ್, ಆಮ್ಲೋಡಿಪಿನ್, ಲಿಸಿನೊಪ್ರಿಲ್ ಕೊಟ್ಟು ವರ್ಷಗಟ್ಟಲೆ ನೋಡಿದರು. ಕ್ಲೋರ್ಥಾಲಿಡೋನ್ ನಿಮ್ಮ ನೀರು ಹೋಗೋ ಮಾತ್ರೆಯ ಕುಲದ್ದೇ, ಅದಕ್ಕಿಂತ ಗಟ್ಟಿ. ನಾಲ್ಕು ವರ್ಷ ಆದಮೇಲೆ ಆ ಗುಂಪಿನ ಸರಾಸರಿ ಒಟ್ಟು ಕೊಲೆಸ್ಟ್ರಾಲ್ 197, ಉಳಿದೆರಡು ಗುಂಪುಗಳಲ್ಲಿ 195ರ ಆಸುಪಾಸು. ವ್ಯತ್ಯಾಸ ಎರಡು ಪಾಯಿಂಟ್! ಹಾರ್ಟ್ ಅಟ್ಯಾಕಿನ ಲೆಕ್ಕದಲ್ಲಿ ಮೂರೂ ಗುಂಪು ಸಮಸಮ. ಹಾರ್ಟ್ ಫೇಲ್ಯೂರ್, ಅಂದರೆ ಹಾರ್ಟಿನ ಪಂಪಿಂಗ್ ಸೋಲುವುದನ್ನು, ತಡೆಯುವುದರಲ್ಲಂತೂ ಆಮ್ಲೋಡಿಪಿನ್‌ಗಿಂತ ಕ್ಲೋರ್ಥಾಲಿಡೋನೇ ಮುಂದಿತ್ತು. ರಿಪೋರ್ಟಿನಲ್ಲಿ ಎರಡು ಪಾಯಿಂಟ್ ಕೆಡಿಸಿದ ಮಾತ್ರೆ ಮನುಷ್ಯನನ್ನು ಚೆನ್ನಾಗಿಯೇ ಕಾಪಾಡಿತ್ತು.

ಅದೇ ಅಧ್ಯಯನದಲ್ಲಿ ನಾಲ್ಕನೆಯ ಗುಂಪೂ ಇತ್ತು. ನನಗೆ ಕೇಳಿದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅಲ್ಲಿ. ಡಾಕ್ಸಜೋಸಿನ್ ಅಂತ ಒಂದು ಮಾತ್ರೆ, ಆಲ್ಫಾ ಬ್ಲಾಕರ್ ಗುಂಪಿನದು. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಇವತ್ತಿಗೂ ಬರೆಯುತ್ತಾರೆ. ಕೊಲೆಸ್ಟ್ರಾಲಿನ ಕಣ್ಣಿನಿಂದ ನೋಡಿದರೆ ಬಿಪಿ ಮಾತ್ರೆಗಳಲ್ಲೆಲ್ಲ ಇದೇ ಒಳ್ಳೆಯದು. ಎಲ್‌ಡಿಎಲ್, ಟ್ರೈಗ್ಲಿಸರೈಡ್ ಸ್ವಲ್ಪ ಇಳಿಸುತ್ತದೆ, ಎಚ್‌ಡಿಎಲ್ ಸ್ವಲ್ಪ ಏರಿಸುತ್ತದೆ. ಬಿಪಿಯೂ ಇಳಿಯುತ್ತದೆ, ಕೊಬ್ಬೂ ಸುಧಾರಿಸುತ್ತದೆ, ಇನ್ನೇನು ಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 2000ದ ಆರಂಭದಲ್ಲಿ ಆ ಗುಂಪನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಡಾಕ್ಸಜೋಸಿನ್ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್ ಕ್ಲೋರ್ಥಾಲಿಡೋನ್ ಗುಂಪಿಗಿಂತ ಸುಮಾರು ಎರಡು ಪಟ್ಟು ಆಗಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗ ಕೆಲಸಕ್ಕೆ ನಿಂತಾಗ ಕೈಕೊಟ್ಟ ಹಾಗಾಯಿತು. ಹಾಗಾಗಿ ಬಿಪಿ ಮಾತ್ರೆಯನ್ನು ಲಿಪಿಡ್ ರಿಪೋರ್ಟ್ ನೋಡಿ ಆರಿಸಬಾರದು, ಲಿಪಿಡ್ ರಿಪೋರ್ಟ್ ನೋಡಿ ಬಿಡಲೂಬಾರದು. ಪಾರ್ಶ್ವವಾಯು, ಹಾರ್ಟ್ ಅಟ್ಯಾಕ್, ಕಿಡ್ನಿ ತೊಂದರೆ, ಇವುಗಳಲ್ಲಿ ಎಷ್ಟನ್ನು ತಪ್ಪಿಸಿತು ಅನ್ನುವುದೇ ಅದಕ್ಕೆ ಅಳತೆ.

ಮೂರನೆಯ ಔಷಧಿ ಟೆಲ್ಮಿಸಾರ್ಟನ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಇದು ಕೊಬ್ಬಿನ ತಂಟೆಗೇ ಹೋಗುವುದಿಲ್ಲ. ಲೋಸಾರ್ಟನ್, ಓಲ್ಮೆಸಾರ್ಟನ್, ಎನಾಲಾಪ್ರಿಲ್, ರಾಮಿಪ್ರಿಲ್, ಆಮ್ಲೋಡಿಪಿನ್, ಸಿಲ್ನಿಡಿಪಿನ್ ಎಲ್ಲವೂ ಹಾಗೇ. ಇವತ್ತು ಮಂಡ್ಯ, ಮೈಸೂರು ಕಡೆ ಬಿಪಿಗೆ ಹೆಚ್ಚಾಗಿ ಬರೆಯುವುದೂ ಇವನ್ನೇ, ಅದರಲ್ಲೂ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್. ಅಂದಮೇಲೆ ಬಿಪಿ ಮಾತ್ರೆ ಅಂದರೆ ಕೊಲೆಸ್ಟ್ರಾಲ್ ಅನ್ನುವ ಸಮೀಕರಣ ಹೆಚ್ಚಿನ ರೋಗಿಗಳಿಗೆ ಅನ್ವಯಿಸುವುದೇ ಇಲ್ಲ.

ಹಾಗಾದರೆ ನಿಮ್ಮ ಎಲ್‌ಡಿಎಲ್ ಯಾಕೆ ಏರಿತು? ಟ್ರೈಗ್ಲಿಸರೈಡ್ ಯಾಕೆ ಅಷ್ಟು ಹಾರಿತು?

ನೀವೇ ಬರೆದಿದ್ದೀರಿ, ಆರು ಕೆಜಿ ಏರಿದ್ದೇನೆ ಅಂತ. ಬೀಟಾ ಬ್ಲಾಕರ್ ತಗೊಂಡರೆ ತೂಕ ಸ್ವಲ್ಪ ಏರುವುದು ನಿಜ, ಆದರೆ ಸರಾಸರಿಯಲ್ಲಿ ಅದು ಒಂದು ಕೆಜಿಯ ಸುತ್ತಮುತ್ತ. ಉಳಿದ ಐದು ಕೆಜಿ ನಿಮ್ಮದೇ ಸಂಪಾದನೆ. ಇನ್ನು ಆಲೆಮನೆ. ಬೇಜಾರು ಮಾಡಿಕೊಳ್ಳಬೇಡಿ, ಆಲೆಮನೆ ನಡೆಸುವವರು ಆಸ್ಪತ್ರೆಗೆ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆಯೇ ದಿನಕ್ಕೆ ಎಷ್ಟು ಬೆಲ್ಲ, ಎಷ್ಟು ಲೋಟ ಕಬ್ಬಿನ ಹಾಲು ಅನ್ನುವುದು. ಉತ್ತರ ಯಾವಾಗಲೂ ಒಂದೇ. "ತಿನ್ನೋದೇನಿಲ್ಲ ಸಾರ್, ಪಾಕ ಬಂತಾ ಅಂತ ನೋಡೋಕೆ ಒಂಚೂರು ಬಾಯಿಗೆ ಹಾಕ್ಕೋತೀನಿ ಅಷ್ಟೆ." ಕೊಪ್ಪರಿಗೆ ಇಳಿಸಿದಾಗಲೆಲ್ಲ ಒಂಚೂರು, ಬಂದ ನೆಂಟರ ಜೊತೆ ಒಂದು ಲೋಟ, ಸಂಜೆ ಕಾಫಿಗೂ ಬೆಲ್ಲ. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೇನೆ ಅಂತ ಹೆಮ್ಮೆ ಬೇರೆ! ಬೆಲ್ಲದಲ್ಲಿ ಸ್ವಲ್ಪ ಖನಿಜ ಇದೆ, ಒಪ್ಪೋಣ. ಆದರೆ ಬಹುಪಾಲು ಅದು ಸಕ್ಕರೆಯೇ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದು ನೇರ ಲಿವರಿಗೆ ಹೋಗುತ್ತದೆ, ಜಾಸ್ತಿಯಾದದ್ದನ್ನು ಲಿವರ್ ಕೊಬ್ಬು ಮಾಡುತ್ತದೆ, ಆ ಕೊಬ್ಬು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಬರುತ್ತದೆ. ನಮ್ಮವರು ಕೊಲೆಸ್ಟ್ರಾಲ್ ಅಂದಕೂಡಲೇ ಎಣ್ಣೆ, ತುಪ್ಪ, ಮಟನ್ ಕಡೆ ಕೈ ತೋರಿಸುತ್ತಾರೆ. ಟ್ರೈಗ್ಲಿಸರೈಡಿನ ವಿಷಯದಲ್ಲಿ ಸಿಹಿ, ಅನ್ನದ ರಾಶಿ ಮತ್ತು ಮದ್ಯ ಇನ್ನೂ ದೊಡ್ಡ ಕಾರಣ.

ಮದ್ಯದ ಮಾತು ಬಂತಲ್ಲ. ವಾರಕ್ಕೊಮ್ಮೆ ಅಂದಿದ್ದೀರಿ. ಭಾನುವಾರ ರಾತ್ರಿ ಪಾರ್ಟಿ ಮಾಡಿ ಸೋಮವಾರ ಬೆಳಿಗ್ಗೆ ರಕ್ತ ಕೊಟ್ಟಿದ್ದರೆ ಆ 212ರಲ್ಲಿ ಎಷ್ಟೋ ಪಾಲು ಭಾನುವಾರದ್ದು. ಮದ್ಯ ಬಿಪಿಯನ್ನೂ ಏರಿಸುತ್ತದೆ, ಟ್ರೈಗ್ಲಿಸರೈಡನ್ನೂ ಏರಿಸುತ್ತದೆ. ನಿಮ್ಮ ಎರಡು ಸಮಸ್ಯೆಗೂ ಒಟ್ಟಿಗೇ ಉಪಕಾರ ಮಾಡುವ ಕೆಲಸ ಯಾವುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ಇದೆ, ಇದನ್ನು ಡಾಕ್ಟರುಗಳೂ ಕೆಲವೊಮ್ಮೆ ಮರೆಯುತ್ತಾರೆ. ಥೈರಾಯ್ಡ್. ಅದು ನಿಧಾನವಾದರೆ ಎಲ್‌ಡಿಎಲ್ ಏರುತ್ತದೆ, ತೂಕ ಏರುತ್ತದೆ, ಸುಸ್ತಾಗುತ್ತದೆ, ಬಿಪಿಯ ಕೆಳಗಿನ ಅಂಕಿ ಕೂಡ ಏರುತ್ತದೆ. ನಿಮ್ಮಲ್ಲಿ ಎಲ್‌ಡಿಎಲ್, ತೂಕ, ಬಿಪಿ ಮೂರೂ ಏರಿವೆ. ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಆದರೆ ಅಟೊರ್ವಾಸ್ಟಾಟಿನ್ ಶುರುಮಾಡುವ ಮೊದಲು ಒಂದು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದವರಿಗೆ ಸ್ಟಾಟಿನ್ (ಅಟೊರ್ವಾಸ್ಟಾಟಿನ್ ಸೇರಿದ, ಕೊಲೆಸ್ಟ್ರಾಲ್ ಇಳಿಸುವ ಗುಂಪು) ಕೊಟ್ಟರೆ ಮೈಕೈ ನೋವು ಬರುವ ಸಂಭವವೂ ಜಾಸ್ತಿ. ಜೊತೆಗೆ ಮೂರು ತಿಂಗಳ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅನ್ನುವುದು. ಮೂತ್ರದಲ್ಲಿ ಪ್ರೋಟೀನ್ ತುಂಬಾ ಹೋಗುತ್ತಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಸಕ್ಕರೆ ಯಾಕೆ ಅಂದರೆ, ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ, ಹೊಟ್ಟೆ ಮುಂದೆ, ಇದು ಶುಗರ್ ಬರುವ ದಾರಿಯಲ್ಲಿರುವವರ ಸಾಮಾನ್ಯ ಚಿತ್ರ. ಬೀಟಾ ಬ್ಲಾಕರ್ ಮತ್ತು ಥಯಾಜೈಡ್ (ನೀರು ಹೋಗೋ ಮಾತ್ರೆ) ಎರಡನ್ನೂ ಒಟ್ಟಿಗೆ ತಗೊಳ್ಳುವವರಲ್ಲಿ ಶುಗರ್ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ನಿಮ್ಮ ಮಾತ್ರೆ ಜೋಡಿಯಲ್ಲಿ ನನಗೆ ಚಿಂತೆ ಏನಾದರೂ ಇದ್ದರೆ ಅದು ಕೊಲೆಸ್ಟ್ರಾಲಿಗಿಂತ ಇದರದ್ದೇ.

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ಒಂದು ಪ್ರಶ್ನೆ ಕೇಳಿ. "ಸಾರ್, ನನಗೆ ಮೆಟೊಪ್ರೊಲಾಲ್ ಯಾಕೆ ಕೊಟ್ಟಿದ್ದೀರಿ?" ಜಗಳದ ದನಿಯಲ್ಲಿ ಬೇಡ, ತಿಳಿದುಕೊಳ್ಳುವ ದನಿಯಲ್ಲಿ. ಯಾಕೆಂದರೆ ಬರೀ ಬಿಪಿ ಇದ್ದು ಬೇರೇನೂ ಇಲ್ಲದವರಿಗೆ ಬೀಟಾ ಬ್ಲಾಕರ್ ಈಗ ಸಾಮಾನ್ಯವಾಗಿ ಮೊದಲ ಸಾಲಿನ ಮಾತ್ರೆ ಅಲ್ಲ. 2005ರಲ್ಲಿ ಆಸ್ಕಾಟ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಬ್ರಿಟನ್ ಮತ್ತು ಉತ್ತರ ಯೂರೋಪಿನ ಕಡೆ 19 ಸಾವಿರಕ್ಕೂ ಜಾಸ್ತಿ ಜನರ ಮೇಲೆ ನಡೆದದ್ದು. ಒಂದು ಗುಂಪಿಗೆ ಆಮ್ಲೋಡಿಪಿನ್ ಕೊಟ್ಟು ಬೇಕಾದರೆ ಪೆರಿಂಡೊಪ್ರಿಲ್ ಸೇರಿಸಿದರು. ಇನ್ನೊಂದಕ್ಕೆ ಅಟೆನೊಲಾಲ್ ಕೊಟ್ಟು ಬೇಕಾದರೆ ಥಯಾಜೈಡ್ ಸೇರಿಸಿದರು. ಆಮ್ಲೋಡಿಪಿನ್ ಗುಂಪಿನಲ್ಲಿ ಪಾರ್ಶ್ವವಾಯು ಕಡಿಮೆ, ಹೊಸದಾಗಿ ಶುಗರ್ ಬಂದವರೂ ಕಡಿಮೆ. ಮರುವರ್ಷ ಬ್ರಿಟನ್ನಿನ ಮಾರ್ಗಸೂಚಿ ಬೀಟಾ ಬ್ಲಾಕರನ್ನು ಮೊದಲ ಆಯ್ಕೆಯಿಂದ ಕೆಳಗಿಳಿಸಿತು.

ಆದರೆ ನಿಮ್ಮ ಡಾಕ್ಟರಿಗೆ ಕಾರಣ ಇರಬಹುದು. ಎದೆಬಡಿತ ಜೋರಿದ್ದರೆ, ಲಯ ತಪ್ಪಿದ್ದರೆ, ನಡೆದಾಗ ಎದೆ ಹಿಡಿಯುತ್ತಿದ್ದರೆ, ಹಾರ್ಟಿನ ಪಂಪಿಂಗ್ ಕಡಿಮೆ ಇದ್ದರೆ, ಮೈಗ್ರೇನ್ ತಲೆನೋವು ಇದ್ದರೆ ಮೆಟೊಪ್ರೊಲಾಲ್ ಬೇಕಾಗಬಹುದು. ಹಾರ್ಟ್ ಅಟ್ಯಾಕ್ ಆದವರಿಗೆ ಟ್ರೈಗ್ಲಿಸರೈಡ್ ನೆಪ ಹೇಳಿ ಇದನ್ನು ತಪ್ಪಿಸುವುದು ಅನ್ಯಾಯ. ಅಂಥ ಕಾರಣ ಇದ್ದರೆ ಕೊಬ್ಬಿನ ಮಾತು ಬಿಟ್ಟು ಅದನ್ನೇ ಮುಂದುವರಿಸಿ. ಇಲ್ಲವಾದರೆ ಡಾಕ್ಟರು ಅದನ್ನು ಆಮ್ಲೋಡಿಪಿನ್ ಅಥವಾ ಸಿಲ್ನಿಡಿಪಿನ್‌ಗೆ ಬದಲಿಸಬಹುದು. ಬೀಟಾ ಬ್ಲಾಕರೇ ಬೇಕು ಅನ್ನಿಸಿದರೆ ನೆಬಿವೊಲಾಲ್, ಕಾರ್ವೆಡಿಲಾಲ್ ಇವೆ, ಇವೆರಡೂ ರಕ್ತನಾಳವನ್ನು ಸಡಿಲ ಮಾಡುವುದರಿಂದ ಕೊಬ್ಬನ್ನು ಹೆಚ್ಚು ಕೆದಕುವುದಿಲ್ಲ. ಬದಲಿಸುವಾಗ ಒಂದೆರಡು ವಾರದಲ್ಲಿ ಡೋಸ್ ಇಳಿಸುತ್ತಾ ಬರುತ್ತಾರೆ. ಆ ದಿನಗಳಲ್ಲಿ ಗದ್ದೆಯಲ್ಲಿ ಭಾರದ ಕೆಲಸ ಬೇಡ. ಎದೆನೋವು, ಉಬ್ಬಸ ಏನಾದರೂ ಬಂದರೆ ನಾಳೆ ನೋಡೋಣ ಅನ್ನದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜಯದೇವ ಇವೆ.

ಇನ್ನು ನಿಮ್ಮ ಸಿಟ್ಟಿನ ವಿಷಯ. ಒಂದು ಮಾತ್ರೆ ಕೆಡಿಸಿದ್ದನ್ನು ಸರಿಮಾಡಲು ಇನ್ನೊಂದು ಮಾತ್ರೆ ಅಂತ. ಅಟೊರ್ವಾಸ್ಟಾಟಿನ್ ಬರೆದದ್ದು ಅದಕ್ಕಲ್ಲ. ನಿಮ್ಮ ಎಲ್‌ಡಿಎಲ್ ಹಳೆಯ 115ರಲ್ಲೇ ಇದ್ದಿದ್ದರೂ ನಾನಾದರೂ ಸ್ಟಾಟಿನ್ ಮಾತು ಎತ್ತುತ್ತಿದ್ದೆ. 54 ವರ್ಷ, ಗಂಡಸು, ಬಿಪಿ, ಎಚ್‌ಡಿಎಲ್ ಕಡಿಮೆ, ತೂಕ ಜಾಸ್ತಿ. ಹೃದಯಕ್ಕೆ ಬರುವ ಅಪಾಯ ಇವೆಲ್ಲ ಸೇರಿ ಬರುತ್ತದೆ, ಕೊಲೆಸ್ಟ್ರಾಲ್ ಒಂದರಿಂದ ಅಲ್ಲ. ಆಸ್ಕಾಟಿನ ಇನ್ನೊಂದು ಭಾಗ ಇದನ್ನೇ ನೋಡಿತು. ಬಿಪಿ ಇದ್ದು, ಕೊಲೆಸ್ಟ್ರಾಲ್ ತೀರಾ ಜಾಸ್ತಿ ಏನೂ ಇಲ್ಲದ 10,305 ಜನರಲ್ಲಿ ಅರ್ಧದಷ್ಟು ಮಂದಿಗೆ ಅಟೊರ್ವಾಸ್ಟಾಟಿನ್ 10, ಉಳಿದವರಿಗೆ ಬರೀ ಡಮ್ಮಿ ಮಾತ್ರೆ. ಐದು ವರ್ಷ ನಡೆಸಬೇಕೆಂದಿದ್ದರು. ಮೂರು ವರ್ಷ ದಾಟುವಷ್ಟರಲ್ಲೇ ನಿಲ್ಲಿಸಿದರು, ಯಾಕೆಂದರೆ ಸ್ಟಾಟಿನ್ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್ ಮತ್ತು ಅದರಿಂದಾಗುವ ಸಾವು ಶೇಕಡಾ 36 ಕಡಿಮೆ ಆಗಿತ್ತು. ನಿಮಗೆ ಬರೆದಿರುವುದೂ ಅದೇ ಮಾತ್ರೆ, ಅದೇ ಡೋಸ್. ಆ ಡೋಸಿಗೆ ಎಲ್‌ಡಿಎಲ್ ಸಾಮಾನ್ಯವಾಗಿ ಶೇಕಡಾ 35ರಿಂದ 40ರಷ್ಟು ಇಳಿಯುತ್ತದೆ. ಅಂದರೆ ನಿಮ್ಮ 136 ಸುಮಾರು 85ಕ್ಕೆ ಬರಬೇಕು. ಟ್ರೈಗ್ಲಿಸರೈಡೂ ಸ್ವಲ್ಪ ಇಳಿಯುತ್ತದೆ. ಇದು ನಿಮಗೆ ಒಳ್ಳೆಯ ಮಾತ್ರೆ, ತಗೊಳ್ಳಿ.

ಸ್ಟಾಟಿನ್ ಬಗ್ಗೆಯೂ ಹೆದರಿಸುವ ಮಾತು ಬಹಳ ಓಡಾಡುತ್ತವೆ. ಮೈಕೈ ನೋವು ಕೆಲವರಿಗೆ ಬರುತ್ತದೆ, ಬಂದರೆ ಹೇಳಿ, ಡೋಸ್ ಇಳಿಸಬಹುದು ಅಥವಾ ರೋಸುವಾಸ್ಟಾಟಿನ್‌ಗೆ ಬದಲಿಸಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ಅದನ್ನು ಅಂದೇ ನಿಲ್ಲಿಸಿ ತೋರಿಸಿ, ಅದು ಬಹಳ ಅಪರೂಪ. ಸಕ್ಕರೆ ಅಂಚಿನಲ್ಲಿ ಇರುವವರಿಗೆ ಒಂಚೂರು ಏರಬಹುದು, ಆದರೂ ಲಾಭವೇ ದೊಡ್ಡದು.

ಬಿಪಿ ಮಾತ್ರೆಗೂ ಕೊಲೆಸ್ಟ್ರಾಲ್ ಮಾತ್ರೆಗೂ ನಡುವೆ ಒಂದು ನಿಜವಾದ ತಕರಾರು ಇದೆ, ಮೆಡಿಕಲ್ ಹುಡುಗ ಹೇಳಬೇಕಿದ್ದದ್ದು ಅದನ್ನು. ಸಿಮ್ವಾಸ್ಟಾಟಿನ್ ಅನ್ನುವ ಹಳೆಯ ಸ್ಟಾಟಿನ್ ಇದೆ. ಅದರ ಜೊತೆ ಆಮ್ಲೋಡಿಪಿನ್ ತಗೊಂಡರೆ ಸಿಮ್ವಾಸ್ಟಾಟಿನ್ ರಕ್ತದಲ್ಲಿ ಜಾಸ್ತಿ ಉಳಿದು ಮಾಂಸಖಂಡಕ್ಕೆ ತೊಂದರೆ ಆಗಬಹುದು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜೋಡಿಯಲ್ಲಿ ಸಿಮ್ವಾಸ್ಟಾಟಿನ್ 20 ಮಿಲಿಗ್ರಾಂ ದಾಟಬಾರದು ಅಂದಿತು. ಡಿಲ್ಟಿಯಾಜೆಮ್ ಅಥವಾ ವೆರಾಪಾಮಿಲ್ ಜೊತೆಗಾದರೆ 10 ದಾಟಬಾರದು. ಅಟೊರ್ವಾಸ್ಟಾಟಿನ್ 10 ಜೊತೆ ಆಮ್ಲೋಡಿಪಿನ್ ನಡೆಯುತ್ತದೆ, ಎರಡೂ ಸೇರಿರುವ ಮಾತ್ರೆಯೇ ಸಿಗುತ್ತದೆ. ಹಾಗಾಗಿ ಮೆಟೊಪ್ರೊಲಾಲ್ ಬದಲಿಗೆ ಆಮ್ಲೋಡಿಪಿನ್ ಬಂದರೆ ಗಾಬರಿ ಬೇಡ.

ಸೊಂಟನೋವಿಗೆ ತರುವ ಮಾತ್ರೆ ಯಾವುದು? ಹೆಸರು ಬರೆದಿಲ್ಲ ನೀವು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಇವುಗಳಲ್ಲಿ ಒಂದಿರುತ್ತದೆ ಅಂತ ನನ್ನ ಊಹೆ. ದಯವಿಟ್ಟು ನಿಲ್ಲಿಸಿ. ನಿಮ್ಮ ಪತ್ರದಲ್ಲಿ ನಿಜಕ್ಕೂ ನಿಲ್ಲಿಸಬೇಕಾದ ಮಾತ್ರೆ ಅಂದರೆ ಇದೇ. ಇವು ಬಿಪಿಯನ್ನು ಏರಿಸುತ್ತವೆ, ನಿಮ್ಮ ಬಿಪಿ ಮಾತ್ರೆಯ ಕೆಲಸವನ್ನು ಕೆಡಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಟೆಲ್ಮಿಸಾರ್ಟನ್, ನೀರು ಹೋಗೋ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಕಿಡ್ನಿಗೆ ಹೊಡೆತ. ಬೇಸಿಗೆಯಲ್ಲಿ ಬಿಸಿಲಲ್ಲಿ ಕೆಲಸ ಮಾಡಿ ಬೆವರು ಸುರಿಸುವವರಿಗೆ, ವಾಂತಿ ಭೇದಿ ಆದವರಿಗೆ ಇನ್ನೂ ಕೆಟ್ಟದ್ದು. ನೋವಿಗೆ ಪ್ಯಾರಸಿಟಮಾಲ್ ತಗೊಳ್ಳಿ, ಸೊಂಟವನ್ನು ಒಮ್ಮೆ ಸರಿಯಾಗಿ ತೋರಿಸಿ. ಇದೇ ಸಾಲಿಗೆ ಇನ್ನೊಂದು ಸೇರಿಸುತ್ತೇನೆ. ಕೆಮ್ಮಿಗೆ ಕಷಾಯ ಮಾಡುವಾಗ ಅತಿಮಧುರ ಹಾಕುತ್ತೇವಲ್ಲ, ಅದನ್ನು ದಿನಾ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಒಂದೆರಡು ದಿನಕ್ಕೆ ಪರವಾಗಿಲ್ಲ, ತಿಂಗಳುಗಟ್ಟಲೆ ಬೇಡ.

ಊಟದ ಬಗ್ಗೆ ದೊಡ್ಡ ಪಟ್ಟಿ ಕೊಡುವುದಿಲ್ಲ, ಕೊಟ್ಟರೂ ಯಾರೂ ಪಾಲಿಸುವುದಿಲ್ಲ. ನಮ್ಮ ಕಡೆಯ ಊಟ ಮೂಲದಲ್ಲಿ ಕೆಟ್ಟದ್ದೇನಲ್ಲ. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಅವರೆಕಾಳು ಎಲ್ಲ ಒಳ್ಳೆಯವೇ. ಮುದ್ದೆ ತಿಂದಮೇಲೆ ಅಷ್ಟೇ ಗಾತ್ರದ ಅನ್ನ ಬೇಕೇ ಬೇಕು ಅನ್ನುವುದರಲ್ಲಿ ತೊಂದರೆ ಇದೆ. ಉಪ್ಸಾರು ಖಾರದಲ್ಲಿ, ಉಪ್ಪಿನಕಾಯಲ್ಲಿ, ಹಪ್ಪಳದಲ್ಲಿ ಉಪ್ಪು ಎಷ್ಟಿರುತ್ತದೆ ಅಂತ ನಿಮ್ಮ ಮನೆಯವರಿಗೆ ಗೊತ್ತು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚ ಅಷ್ಟೆ. ಮದ್ದೂರು ವಡೆ ದಾರಿಯಲ್ಲಿ ಅಪರೂಪಕ್ಕೆ ಒಂದು ತಿಂದರೆ ಏನಾಗುವುದಿಲ್ಲ, ದಿನಾ ಸಂಜೆ ತರಿಸಿದರೆ ಆಗುತ್ತದೆ. ಕುರಿ ಮಾಂಸ ವಾರಕ್ಕೊಮ್ಮೆ, ಕೊಬ್ಬು ತೆಗೆದು. ಬೆಲ್ಲ ಮಾರಾಟಕ್ಕೆ ಇರಲಿ. ಪಾಕ ನೋಡುವ ಕೆಲಸವನ್ನು ಸಣ್ಣ ವಯಸ್ಸಿನ ಯಾರಿಗಾದರೂ ಒಪ್ಪಿಸಿ. ಏರಿದ ಆರು ಕೆಜಿ ಇಳಿಸಿದರೆ ಟ್ರೈಗ್ಲಿಸರೈಡ್ ಶೇಕಡಾ 20ರಷ್ಟು ಇಳಿಯುವ ಸಾಧ್ಯತೆ ಇದೆ, ಬಿಪಿಯೂ ಕೆಲವು ಪಾಯಿಂಟ್ ಇಳಿಯುತ್ತದೆ. ಮಾತ್ರೆ ಕಡಿಮೆ ಮಾಡಿಕೊಳ್ಳುವ ಆಸೆ ಇದ್ದರೆ ಸರಿಯಾದ ದಾರಿ ಅದು. ಗದ್ದೆ ಕೆಲಸ ಮಾಡುತ್ತೇನಲ್ಲ, ವಾಕಿಂಗ್ ಯಾಕೆ ಅನ್ನಬೇಡಿ. ಈಗ ಗದ್ದೆ ಕೆಲಸ ಅಂದರೆ ಬೈಕಿನಲ್ಲಿ ಹೋಗಿ ಆಳುಗಳನ್ನು ನೋಡಿ ಬರುವುದು ಅಂತ ನನಗೂ ಗೊತ್ತು.

ಮತ್ತೆ ರಕ್ತ ಪರೀಕ್ಷೆ ಯಾವಾಗ? ಎರಡು ರಿಪೋರ್ಟುಗಳ ನಡುವೆ ಏನೂ ಕಾರಣ ಇಲ್ಲದೆಯೂ ಕೊಲೆಸ್ಟ್ರಾಲ್ ಶೇಕಡಾ ಐದು, ಹತ್ತು ಆಚೀಚೆ ಆಗುತ್ತದೆ. ಟ್ರೈಗ್ಲಿಸರೈಡ್ ಇನ್ನೂ ಜಾಸ್ತಿ ಆಡುತ್ತದೆ. ಒಂದೇ ರಿಪೋರ್ಟ್ ಹಿಡಿದು ತೀರ್ಮಾನಕ್ಕೆ ಬರಬೇಡಿ. ಅಟೊರ್ವಾಸ್ಟಾಟಿನ್ ಶುರುವಾಗಿ ಎರಡು ಮೂರು ತಿಂಗಳಾದ ಮೇಲೆ ಅದೇ ಲ್ಯಾಬಿನಲ್ಲಿ ಮಾಡಿಸಿ. ರಾತ್ರಿ ಬೇಗ ಊಟ ಮಾಡಿ, 12 ಗಂಟೆ ಬರೀ ನೀರು. ಮೂರು ದಿನ ಮುಂಚಿನಿಂದ ಮದ್ಯ ಮುಟ್ಟಬೇಡಿ. ಜ್ವರ ಬಂದ ವಾರದಲ್ಲಿ, ಮದುವೆ ಊಟದ ಮಾರನೇ ದಿನ ಬೇಡ. ಇನ್ನೊಂದು, ಖಾಲಿ ಹೊಟ್ಟೆ ಅಂದರೆ ಮಾತ್ರೆಯೂ ಬೇಡ ಅಂತ ತಿಳಿದು ಬಹಳ ಜನ ಅವತ್ತು ಬಿಪಿ ಮಾತ್ರೆ ಬಿಟ್ಟು ಬರುತ್ತಾರೆ, ಬಂದು ಬಿಪಿ ಏರಿಸಿಕೊಂಡು ಕೂರುತ್ತಾರೆ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿಯೇ ಬನ್ನಿ. ಶುಗರ್ ಮಾತ್ರೆಯಾದರೆ ಮಾತ್ರ ತಿಂಡಿ ಆಗುವವರೆಗೆ ಕಾಯಬೇಕು.

ಕೊನೆಗೆ ನಿಮ್ಮ ಚಕ್ಕೋತ. ಆ ಮಾತು ಗಾಳಿಯಿಂದ ಬಂದದ್ದಲ್ಲ. 1980ರ ದಶಕದ ಕೊನೆಗೆ ಕೆನಡಾದಲ್ಲಿ ಫೆಲೋಡಿಪಿನ್ ಅನ್ನುವ ಬಿಪಿ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ಜ್ಯೂಸ್ ಬೆರೆಸಿದರು. ನೋಡಿದರೆ ರಕ್ತದಲ್ಲಿ ಮಾತ್ರೆಯ ಪ್ರಮಾಣ ಎಂದಿಗಿಂತ ಎಷ್ಟೋ ಪಟ್ಟು! ಮಾತ್ರೆಯನ್ನು ಒಡೆಯುವ ಕರುಳಿನ ಕಿಣ್ವವನ್ನು ಆ ಹಣ್ಣು ತಡೆಯುತ್ತದೆ ಅಂತ ಆಮೇಲೆ ತಿಳಿಯಿತು. ಚಕ್ಕೋತ ಆ ಹಣ್ಣಿನ ಹತ್ತಿರದ ಸಂಬಂಧಿ, ಅದೇ ಬಗೆಯ ವಸ್ತುಗಳು ಇದರಲ್ಲೂ ಇವೆ. ನಿಮ್ಮ ಟೆಲ್ಮಿಸಾರ್ಟನ್, ಮೆಟೊಪ್ರೊಲಾಲ್ ಎರಡಕ್ಕೂ ಆ ಕಿಣ್ವದ ಹಂಗಿಲ್ಲ. ಅಟೊರ್ವಾಸ್ಟಾಟಿನ್‌ಗೆ ಇದೆ, ಆದರೆ ಜ್ಯೂಸನ್ನು ದಿನಾ ಲೀಟರುಗಟ್ಟಲೆ ಕುಡಿದಾಗ ಮಾತ್ರ ತೊಂದರೆಯ ಮಟ್ಟಕ್ಕೆ ಹೋಗುತ್ತದೆ. ಸೀಸನ್ನಿನಲ್ಲಿ ಆಗೊಮ್ಮೆ ಈಗೊಮ್ಮೆ ನಾಲ್ಕೈದು ತೊಳೆ ತಿನ್ನಿ, ಉಪ್ಪು ಹಚ್ಚಿಕೊಳ್ಳದೆ. ಸಿಮ್ವಾಸ್ಟಾಟಿನ್ ಅಥವಾ ಫೆಲೋಡಿಪಿನ್ ತಗೊಳ್ಳುವವರು ಮನೆಯಲ್ಲಿದ್ದರೆ ಅವರಿಗೆ ಮಾತ್ರ ಕೊಡಬೇಡಿ.